ನುಗ್ಗಿ ಗಿಡದ ಕೆಳಗೆ ನಲವತ್ತು ನಿಮಿಷ

ಅಕ್ಕಿಆಲೂರಿನ ದನದ ದವಾಖಾನೆಯ ಕಟ್ಟೆಯ ಮೇಲೆ ನೀಲಾಂಬಿಕಾ ತನ್ನ ಚೀಲ ಇಳಿಸಿದಳೋ ಇಲ್ಲವೋ, ಒಳಗಿನಿಂದ ಗಂಡಸಿನ ದನಿಯೊಂದು ಕೇಳಿಸಿತು.

‘ಅಲ್ಲೇ ಬಿಟ್ಟು ಹೋಗಬ್ಯಾಡ್ರಿ ಮೇಡಂ! ಈ ವಾರದಾಗ ಇದು ಮೂರನೇದ್ದು. ಇದು ದವಾಖಾನಿ ಐತಿ, ಅನಾಥಾಶ್ರಮ ಅಲ್ಲ.’

ಚೀಲದ ಬಾಯಿಂದ ಕಂದು ಬಣ್ಣದ ಪುಟ್ಟ ಮೂಗೊಂದು ಹೊರಗೆ ಬಂದು ಗಾಳಿ ಮೂಸಿತು. ನೀಲಾಂಬಿಕಾಳ ಮುಖ ಕೆಂಪಾಯಿತು.

‘ಬಿಡಾಕ ಬಂದಿಲ್ರಿ ಡಾಕ್ಟ್ರ. ಇಟ್ಕೊಳ್ಳೂದು ಹೆಂಗ ಅಂತ ಕೇಳಾಕ ಬಂದೇನಿ.’

ಹೊರಗೆ ಬಂದವನು ನಾಲಿಗೆ ಕಚ್ಚಿಕೊಂಡ. ‘ತಪ್ಪಾತ್ರಿ. ನಾ ಡಾಕ್ಟರ್ ಅಲ್ಲ, ಅವರ ಕೈಕೆಳಗಿನಾವ. ದುರ್ಗೇಶ ಅಂತ. ಕುಂದರ್ರಿ, ಏನಾತು ಹೇಳ್ರಿ.’

ಅವಳು ಹೇಳಿದಳು. ಬಸ್ ಸ್ಟ್ಯಾಂಡಿನಲ್ಲಿ ಖಾಲಿ ಚುರಮರಿ ಚೀಲದೊಳಗೆ ಯಾರೋ ಬಿಟ್ಟುಹೋಗಿದ್ದ ನಾಯಿಮರಿ ಅದು. ಅದಕ್ಕೇ ಚುರಮರಿ ಎಂದು ಹೆಸರಿಟ್ಟಿದ್ದಳು. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹಾನಗಲ್ಲಿಗೆ ಹೋಗಿ, ಅಲ್ಲಿನ ಟೈಪಿಂಗ್ ಸೆಂಟರಿನಲ್ಲಿ ಕೆಲಸ ಮುಗಿಸಿ ಸಂಜೆ ಮರಳುವವಳು ಅವಳು. ಮಧ್ಯಾಹ್ನ ಎದುರುಮನೆಯ ಬಿಬಿಜಾನ ಹಾಲು ಹಾಕಿ ಹೋಗುತ್ತಿದ್ದಳು. ಆದರೂ ಬಾಗಿಲು ಮುಚ್ಚಿದ ಗಳಿಗೆಯಿಂದ ಮರಿ ಓಣಿಗೆಲ್ಲ ಕೇಳುವಂತೆ ಊಳಿಡುತ್ತಿತ್ತು. ಮನೆಯೊಡತಿ ಇಂದಿರಾಬಾಯಿಯ ಯಜಮಾನರು ಹೃದಯದ ಆಪರೇಷನ್ ಮಾಡಿಸಿಕೊಂಡು ಈಗಷ್ಟೇ ಮನೆಗೆ ಬಂದಿದ್ದರು. ರೋಗಿಯಿರುವ ಮನೆಯಲ್ಲಿ ನಾಯಿ ಅತ್ತರೆ ಯಾರ ಎದೆ ತಾನೇ ಧಸಕ್ಕೆನ್ನುವುದಿಲ್ಲ?

‘ನೀಲಾ, ನಾ ಕೆಟ್ಟಾಕಿ ಅಲ್ಲವಾ,’ ಎಂದಿದ್ದರು ಇಂದಿರಾಬಾಯಿ. ‘ಹುಣ್ಣಿಮಿ ತನಕಾ ನೋಡ್ತೀನಿ. ಆಮ್ಯಾಲೂ ಅಳತಿದ್ರ ಮರೀನಾದ್ರೂ ಹೋಗಬೇಕು, ನೀನಾದ್ರೂ.’

ಹುಣ್ಣಿಮೆಗೆ ಇನ್ನು ಹದಿನೈದು ದಿನವಿತ್ತು. ಮೂವತ್ತೊಂದು ವರ್ಷದ ನೀಲಾಂಬಿಕಾಳಿಗೆ ಈ ಭೂಮಿಯ ಮೇಲೆ ತನ್ನದು ಎನ್ನುವ ಜೀವ ಅದೊಂದೇ ಇತ್ತು.

ದುರ್ಗೇಶ ಮರಿಯ ಕಿವಿ ತುರಿಸುತ್ತ ಕೇಳಿದ. ‘ಅದು ಅಳೂವಾಗ ನೀವು ಏನ್ ಮಾಡ್ತೀರಿ?’

‘ಓಡಿಹೋಗಿ ಎತ್ಕೋತೇನ್ರಿ.’

‘ಅದ ತಪ್ಪು. ಅತ್ರ ಬಾಗಲಾ ತೆಗೀತಾರ ಅಂತ ಅದಕ್ಕ ಪಾಠ ಆಗೇತಿ. ಇನ್ನ ಮ್ಯಾಲೆ ಸುಮ್ಮನಾದಾಗಷ್ಟ ತೆಗೀಬೇಕು. ಸಂಜಿಕ ಬರ್ತೇನಿ, ತೋರಸ್ತೇನಿ.’

ಆ ಸಂಜೆ ಅವನು ಸ್ಕೂಟರ್ ಮೇಲೆ ಬಂದ. ಅವಳ ಹಳೆಯ ಸೀರೆಯನ್ನು ಬುಟ್ಟಿಯಲ್ಲಿ ಮಡಚಿ ಹಾಸಿಸಿದ, ಕಡಿಯಲು ಒಣ ರೊಟ್ಟಿಯ ಚೂರು ಇಡಿಸಿದ. ‘ಹೊರಗ ಹೋಗೂವಾಗ ಮುದ್ದಾಡಬ್ಯಾಡ್ರಿ. ತಿರುಗಿ ಬಂದಾಗೂ ಅಷ್ಟ. ಹೋಗೂದು ಬರೂದು ದೊಡ್ಡ ಸುದ್ದಿ ಅಲ್ಲ ಅಂತ ಅದಕ್ಕ ಅನಸಬೇಕು.’

ಬಾಗಿಲೆಳೆದುಕೊಂಡು ಇಬ್ಬರೂ ಬರಿಗಾಲಲ್ಲಿ ಹಿತ್ತಲಿನ ನುಗ್ಗಿ ಗಿಡದ ಕೆಳಗೆ ನಿಂತರು. ಒಳಗೆ ರಂಪ ಶುರುವಾಯಿತು. ನೀಲಾಂಬಿಕಾಳ ಕಾಲುಗಳು ತಾವಾಗಿ ಬಾಗಿಲ ಕಡೆ ಹೊರಟವು. ದುರ್ಗೇಶ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ತಡೆ ಎಂದ. ಅಳು ನಿಂತು ಹತ್ತು ಎಣಿಸುವವರೆಗೆ ಕಾದು, ಆಮೇಲೆ ಕಣ್ಣಲ್ಲೇ ‘ಈಗ ಹೋಗ್ರಿ’ ಎಂದ.

ಮೊದಲ ದಿನ ಹತ್ತು ಎಣಿಕೆ. ಮರುದಿನ ಒಂದು ನಿಮಿಷ. ಆಮೇಲೆ ಐದು, ಹತ್ತು. ದನಿ ಕೇಳಿದರೆ ಮರಿಗೆ ಗೊತ್ತಾಗುತ್ತದೆಂದು ಹೊರಗೆ ನಿಂತವರು ಪಿಟ್ಟೆನ್ನುವಂತಿರಲಿಲ್ಲ. ಮಾತು ಕಟ್ಟಿ ಹಾಕಿದರೆ ಕಣ್ಣು ಸುಮ್ಮನಿರುತ್ತದೆಯೇ? ಅವನು ಅವಳನ್ನು ನೋಡುತ್ತಿದ್ದ. ಅವಳು ನೋಡಿದಾಗ ನುಗ್ಗಿ ಕಾಯಿ ಎಣಿಸುತ್ತಿದ್ದ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ನಾಲ್ಕನೇ ದಿನ ಅವಳ ಕೈಯಲ್ಲಿದ್ದ ಫೋನ್ ಮಿನುಗಿತು. ಎರಡು ಮಾರು ದೂರ ನಿಂತವನಿಂದಲೇ ಮೆಸೇಜು. ‘ತಲಿ ಮ್ಯಾಲೆ ನುಗ್ಗಿ ಹೂ ಬಿದ್ದಾವ.’

ಅವಳು ಎಡಕ್ಕೆ ತಡವಿದಳು. ಅವನು ಅಲ್ಲವೆಂದು ತಲೆಯಾಡಿಸಿದ. ಬಲಕ್ಕೆ ತಡವಿದಳು. ಅಲ್ಲಿಯೂ ಇಲ್ಲ. ಅವನ ಕೈ ಮೇಲೆದ್ದು, ಅರ್ಧ ದಾರಿಯಲ್ಲಿ ನಿಂತು, ನಾಚಿಕೊಂಡು ಜೇಬಿಗೆ ಹೋಯಿತು. ಮತ್ತೆ ಫೋನ್ ಮಿನುಗಿತು. ‘ಇರ್ಲಿ ಬಿಡ್ರಿ. ಚಂದ ಕಾಣ್ತಾವ.’

ಆ ರಾತ್ರಿ ಅವಳು ಹೂ ಕೊಡವಲಿಲ್ಲ.

ಹೀಗೆ ಆ ಹಿತ್ತಲಲ್ಲಿ ಬಾಯಿಲ್ಲದ ಒಂದು ಹರಟೆ ಬೆಳೆಯಿತು. ಒಂದು ಸಂಜೆ ಅವನು ಕೇಳಿದ್ದ. ‘ಸಣ್ಣಾಕಿ ಇದ್ದಾಗ ನೀವೂ ಹಿಂಗ ಅಳತಿದ್ರೇನು?’

ನೀಲಾಂಬಿಕಾ ಟೈಪ್ ಮಾಡತೊಡಗಿದಳು. ಏಳು ವರ್ಷದವಳಿದ್ದಾಗ ಅವ್ವ ತೀರಿಕೊಂಡದ್ದು. ಅಪ್ಪ ಸವಣೂರಿನ ಚಿಗವ್ವನ ಮನೆಯಲ್ಲಿ ಬಿಟ್ಟು, ಈಗ ಬರ್ತೇನಿ ಎಂದು ಹೋಗಿ ಬರದೇ ಹೋದದ್ದು. ಬಾಗಿಲ ಚಿಲಕ ಹಿಡಿದು ಮೂರು ದಿನ ಅತ್ತರೂ ಯಾರೂ ಹತ್ತಿರ ಬಾರದ್ದು. ನಾಲ್ಕನೇ ದಿನ ದನಿ ಬತ್ತಿ ಸುಮ್ಮನಾದಾಗ ಚಿಗವ್ವ ಬೆಲ್ಲ ಶೇಂಗಾ ಕೈಗಿಟ್ಟು ‘ನಮ್ಮ ನೀಲಿ ಶಾಣ್ಯಾಕಿ, ಅಳೂದಿಲ್ಲ’ ಎಂದದ್ದು. ಅಂದಿನಿಂದ ಅವಳು ಶಾಣ್ಯಾಕಿಯಾಗಿಯೇ ಉಳಿದಿದ್ದಳು. ಬರೆದದ್ದನ್ನೆಲ್ಲ ಅಳಿಸಿ, ಎರಡೇ ಅಕ್ಷರ ಕಳಿಸಿದಳು. ‘ಇಲ್ಲ.’

‘ಟೈಪಿಸ್ಟ್ ಇದ್ದು ಎರಡು ಅಕ್ಷರಕ್ಕ ಇಷ್ಟೊತ್ತೇನ್ರಿ?’

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವನಿಗೆ ನಗುವಷ್ಟೇ ಕಾಣುವಂತೆ ಮುಖ ತಿರುಗಿಸಿದಳು.

ಹುಣ್ಣಿಮೆಯ ಹಿಂದಿನ ದಿನ ನಲವತ್ತು ನಿಮಿಷ ನಿಂತರು. ಒಳಗಿಂದ ಒಂದು ಸಪ್ಪಳವಿಲ್ಲ. ಕಿಟಕಿಯಲ್ಲಿ ಇಣುಕಿದರೆ ಚುರಮರಿ ಸೀರೆಯಲ್ಲಿ ಮೂಗು ಹುದುಗಿಸಿ ಮಲಗಿತ್ತು. ಅಳು ಕೇಳದ ಇಂದಿರಾಬಾಯಿ ತಾವೇ ಹಿತ್ತಲಿಗೆ ಬಂದು, ‘ಅಂತೂ ಗೆದ್ದಿ ನೋಡವಾ. ಇರ್ರಿ ಇಬ್ರೂ’ ಎಂದರು. ಇಬ್ಬರೂ ಎಂದರೆ ಅವಳು ಮತ್ತು ಮರಿ. ಆದರೆ ನೀಲಾಂಬಿಕಾಳ ಕಣ್ಣು ದುರ್ಗೇಶನ ಕಡೆ ಹೊರಳಿ, ಕೆನ್ನೆ ಬಿಸಿಯಾಯಿತು.

ಇನ್ನು ಅವನಿಗೆ ಬರುವ ನೆಪವಿರಲಿಲ್ಲ. ಮುಂದಿನ ಐದು ಸಂಜೆ ಅವಳು ಸ್ಕೂಟರಿನ ಸಪ್ಪಳಕ್ಕೆ ಕಿವಿಗೊಟ್ಟು ಕೂತಳು. ಅವಳ ಪಕ್ಕದಲ್ಲಿ ಚುರಮರಿಯೂ ಕೂತಿತು.

ಆರನೇ ಸಂಜೆ, ಶನಿವಾರ, ಅವನು ಬಂದ. ಒಳಗೆ ಬಂದು ನಿಂತೇ ಮಾತಾಡಿದ.

‘ಮನ್ಯಾಗ ಶಿಗ್ಗಾಂವದ ಒಂದು ಕನ್ಯಾ ನೋಡ್ಯಾರ. ನಾಳೆ ಐತವಾರ ಹೋಗೂಣು ಅನ್ನಾಕತ್ತಾರ.’

‘ಹೌದೇನ್ರಿ?’

‘ಅಕ್ಕ ಮಾತು ಕೊಟ್ಟು ಬಂದಾಳ. ನಾ ಇನ್ನೂ ಹ್ಞೂಂ ಅಂದಿಲ್ಲ.’ ಅವನು ಬುಟ್ಟಿಯ ಅಂಚು ನೋಡುತ್ತಿದ್ದ. ‘ಹೋಗ್ಲೇನ್ರಿ? ನೀವ ಹೇಳ್ರಿ.’

ಬ್ಯಾಡ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಜೊತೆಗೇ ಆ ಸವಣೂರಿನ ಚಿಲಕವೂ ನೆನಪಿಗೆ ಬಂತು. ಬೇಡಿ ಇಟ್ಟುಕೊಂಡದ್ದು ಎಷ್ಟು ದಿನ ನಿಲ್ಲುತ್ತದೆ?

‘ಹೋಗಿ ಬರ್ರಿ,’ ಎಂದಳು. ‘ಚಲೋ ಆತು.’

‘ಅಷ್ಟನ?’

‘ಮತ್ತೇನು ಹೇಳ್ಲಿ?’

ಅವನು ಹೊರಗೆ ಹೋದ. ಅವಳು ಬಾಗಿಲೆಳೆದಳು. ಅವನ ಚಪ್ಪಲಿಯ ಸಪ್ಪಳ ನುಗ್ಗಿ ಗಿಡದವರೆಗೆ ಹೋಗಿ ನಿಂತಿತು. ಸ್ಕೂಟರ್ ಶುರುವಾಗಲಿಲ್ಲ.

ಅವನು ನಿಂತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಅವಳು ಬಾಗಿಲಿಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂತಳು. ಸುಮ್ಮನಿದ್ದರೆ ತಾನಾಗಿಯೇ ಬರುತ್ತಾನೆ, ಅವನು ಕಲಿಸಿದ್ದೇ ಅದು ಎಂದುಕೊಂಡಳು. ಚುರಮರಿ ಕಿವಿ ನಿಮಿರಿಸಿ ಬಾಗಿಲು ನೋಡಿತು, ಅವಳನ್ನು ನೋಡಿತು. ಆಮೇಲೆ ಜಾಣ ಮರಿಯಂತೆ ಮುಂಗಾಲಿನ ಮೇಲೆ ಮೂತಿಯಿಟ್ಟು ಮಲಗಿತು. ಒಳಗೆ ಎರಡು ಜೀವವಿದ್ದರೂ ಒಂದರದೂ ದನಿಯಿಲ್ಲ. ಬಹಳ ಹೊತ್ತಿನ ಮೇಲೆ ಸ್ಕೂಟರ್ ಶುರುವಾಗಿ, ಸಪ್ಪಳ ಓಣಿಯ ತಿರುವಿನಲ್ಲಿ ಕರಗಿತು.

ತಿಂಗಳೊಪ್ಪತ್ತಿನಲ್ಲಿ ಲಗ್ನಪತ್ರಿಕೆ ಕೊಡಲು ಬಂದ. ಚುರಮರಿ ಅವನ ಕಾಲು ಸುತ್ತಿತು. ಅವನು ಕೂತು ಅದರ ಬೆನ್ನು ಸವರಿದ.

‘ಹೆಸರೇನ್ರಿ ಅಕಿದು?’

‘ಜಯಶ್ರೀ. ಭಾಳ ಮಾತಾಡ್ತಾಳ. ಊಟ ಆತೇನು, ಯಾವಾಗ ಬರ್ತೀರಿ, ಅಂತ ದಿನಾ ಫೋನ್ ಮಾಡ್ತಾಳ.’ ಮರಿಯ ಕಿವಿ ತುರಿಸಿದ. ‘ಅವತ್ತ ನಾ ನಲವತ್ತು ನಿಮಿಷ ನಿಂತಿದ್ನಿ, ನೀಲಾ ಅವರ.’

‘ಗೊತ್ತಿತ್ರಿ.’

ಅವನು ತಲೆಯೆತ್ತಿದ. ‘ಗೊತ್ತಿದ್ದೂ? ಒಂದ ಸಲಾ ಕರೀಬಾರದೇನ್ರಿ?’

‘ಸುಮ್ಮನಿದ್ರ ಬಾಗಲಾ ತೆಗೀತಾರ ಅಂತ ನೀವ ಹೇಳಿದ್ರಿ.’

‘ಅದು ನಾಯಿಮರಿಗ್ರಿ!’ ಅವನ ದನಿ ಒಡೆಯಿತು. ‘ಮನಷ್ಯಾರು ಕರದ್ರ ಬರ್ತಾರ. ಮರಿ ಒಂದೀಟು ಅತ್ತಿದ್ರೂ ಅದ ನೆವಾ ಮಾಡ್ಕೊಂಡು ಒಳಗ ಬರ್ತಿದ್ನಿ. ಅದೂ ಅಳಲಿಲ್ಲ.’

‘ನೀವ ಕಲಿಸಿದ್ದಲ್ರಿ,’ ಎಂದಳು ನೀಲಾಂಬಿಕಾ. ‘ಚಲೋ ಕಲಿಸೀರಿ.’

ಈಗ ಕರೆದರೆ? ಪತ್ರಿಕೆಯ ಮೇಲೆ ಅರಿಸಿನದ ಬೊಟ್ಟು ಇನ್ನೂ ಹಸಿಯಾಗಿತ್ತು. ದಿನಾ ಫೋನ್ ಮಾಡಿ ಊಟ ಆತೇನು ಎಂದು ಕೇಳುವ, ಕಂಡರಿಯದ ಆ ಹುಡುಗಿಯನ್ನು ಬಾಗಿಲ ಹೊರಗೆ ನಿಲ್ಲಿಸಿ ಅಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಬಾಗಿಲ ಹೊರಗೆ ಅಳುವುದು ಏನೆಂದು ಅವಳಿಗೆ ಗೊತ್ತಿತ್ತು.

‘ಅಕಿ ಕರದಾಗ ಲಗೂನ ಹೋಗ್ರಿ,’ ಎಂದಳು. ‘ಕಾಯಿಸಬ್ಯಾಡ್ರಿ.’

ಅವನು ಎದ್ದ. ಹೊಸ್ತಿಲಲ್ಲಿ ನಿಂತು ಅವಳ ತಲೆಗೂದಲ ಕಡೆ ನೋಡಿದ, ಅಲ್ಲಿ ಇನ್ನೂ ಹೂವಿದೆಯೇನೋ ಎಂಬಂತೆ. ಆಮೇಲೆ ಹೊರಟ. ಈ ಸಲ ಸ್ಕೂಟರ್ ಕೂಡಲೇ ಶುರುವಾಯಿತು.

ನೀಲಾಂಬಿಕಾ ಬಾಗಿಲು ಹಾಕಿ ಚಿಲಕ ಹಿಡಿದು ನಿಂತಳು. ಇಪ್ಪತ್ನಾಲ್ಕು ವರ್ಷಗಳ ಕೆಳಗೆ ನಿಂತ ಅಳು ಅಲ್ಲಿಂದಲೇ ಮುಂದುವರಿದಂತೆ ಹೊರಬಂತು. ಇಂದಿರಾಬಾಯಿಗೆ ಕೇಳಲಿ, ಓಣಿಗೆಲ್ಲ ಕೇಳಲಿ ಎಂದು ಅಲ್ಲೇ ಕೂತು ಬಾಯಿಬಿಟ್ಟು ಅತ್ತಳು.

ಚುರಮರಿ ಬುಟ್ಟಿಯಿಂದೆದ್ದು ಓಡಿ ಬಂದು ಅವಳ ಮಡಿಲಿಗೆ ಹತ್ತಿತು. ಅಳುವವರ ಹತ್ತಿರ ಹೋಗಬಾರದೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ.