ಮಧ್ಯಾಹ್ನದ ಕಾವಲು

1974ರ ಮಾರ್ಚ್ 12, ಮಂಗಳವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಒಬ್ಬ ಹೆಂಗಸು ಆಟೋ ಇಳಿದು ಠಾಣೆಯ ಮೆಟ್ಟಿಲು ಹತ್ತಿ ಬಂದಳು. ವಯಸ್ಸು ಮೂವತ್ತೈದರ ಆಸುಪಾಸು. ಬಲಗೈಗೆ ಮಣಿಕಟ್ಟಿನವರೆಗೂ ಸಂಡಿಗೆ ಹಿಟ್ಟು ಮೆತ್ತಿ ಒಣಗಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಇನ್‌ಸ್ಪೆಕ್ಟರ್ ಸೇತುರಾಮ ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ನಮ್ಮ ಎದುರುಮನೆ ಅನಂತಲಕ್ಷ್ಮಿಯವರಿಗೆ ಯಾರೋ ತಲೆ ಒಡೆದು ಸರ ಕಿತ್ಕೊಂಡು ಹೋಗಿದಾನೆ ಸಾರ್. ವಿಕ್ಟೋರಿಯಾ ಆಸ್ಪತ್ರೆಗೆ ಸೇರಿಸಿ ನೇರ ಇಲ್ಲಿಗೇ ಬಂದೆ."

"ನಿಮ್ಮ ಹೆಸರು?"

"ಜಲಜಾ. ವಿಜಯನಗರ, ಹೊಸ ಬಡಾವಣೆ."

"ಎಷ್ಟು ಹೊತ್ತಿಗೆ ಆಗಿದ್ದು?"

"ಎರಡು ಗಂಟೆ ಇಪ್ಪತ್ತು. ರೇಡಿಯೋದಲ್ಲಿ ವಾರ್ತೆ ಮುಗಿದಿತ್ತು. ಕೂಗು ಕೇಳಿ ಓಡಿದೆ. ಹಿತ್ತಲ ಬಾಗಿಲು ತೆಗೆದಿತ್ತು, ಅವರು ಅಡುಗೆಮನೇಲಿ ಬಿದ್ದಿದ್ರು."

ಸೇತುರಾಮ ಕೋಲಾರದಿಂದ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು. ಮಾಗಡಿ ರಸ್ತೆಯ ಈಚೆಗೆ ಹಬ್ಬುತ್ತಿದ್ದ ಆ ಬಡಾವಣೆಯನ್ನು ಅವನು ಜೀಪಿನಲ್ಲಿ ಒಂದೆರಡು ಸಲ ಸುತ್ತಿದ್ದ, ಅಷ್ಟೆ. ಒಂದು ಮನೆ, ನಾಲ್ಕು ಖಾಲಿ ಸೈಟು, ಮತ್ತೊಂದು ಮನೆ. ಗಂಡಸರು ಬೆಳಿಗ್ಗೆ ಒಂಬತ್ತರ ಬಸ್ಸು ಹಿಡಿದರೆ ಸಂಜೆ ಆರರವರೆಗೂ ರಸ್ತೆಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಗಾಯಪಡಿಸಿ ಸುಲಿಗೆ ಮಾಡಿದ್ದಕ್ಕೆ ಭಾರತ ದಂಡ ಸಂಹಿತೆ 394ರ ಕೆಳಗೆ ಎಫ್.ಐ.ಆರ್. ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಬೆಟ್ಟಯ್ಯನನ್ನು ಕರೆದುಕೊಂಡು ಅವನು ಸ್ಥಳಕ್ಕೆ ಹೊರಟ.

ನಾಲ್ಕೂವರೆಗೆ ಪಂಚನಾಮೆ ಮುಗಿಯಿತು. ಹಿತ್ತಲ ಬಾಗಿಲು ಎರಡು ರೆಕ್ಕೆಯದು, ಒಳಗೆ ಮರದ ಅಗುಳಿ. ಏನೂ ಮುರಿದಿರಲಿಲ್ಲ. ರೆಕ್ಕೆಗಳ ನಡುವಿನ ಸಂದಿಯಲ್ಲಿ ಯಾವುದೋ ತೆಳ್ಳನೆಯ ತಗಡು ತೂರಿಸಿ ಅಗುಳಿ ಎತ್ತಿದ ಹೊಸ ಗೀರು ಮಾತ್ರ ಕಾಣುತ್ತಿತ್ತು.

"ಕೈ ಪಳಗಿದೋನು ಸಾ," ಎಂದ ಬೆಟ್ಟಯ್ಯ. ಇಪ್ಪತ್ತಾರು ವರ್ಷದ ಸರ್ವೀಸು ಅವನದು. "ಒಂದೇ ಏಟಿಗೆ ಎತ್ತವ್ನೆ. ಎರಡನೇ ಗೀರಿಲ್ಲ."

ಆಸ್ಪತ್ರೆಯಲ್ಲಿ ಅನಂತಲಕ್ಷ್ಮಿ ತಲೆಗೆ ಏಳು ಹೊಲಿಗೆ ಹಾಕಿಸಿಕೊಂಡು ಮಲಗಿದ್ದರು. ಅರವತ್ತು ದಾಟಿದ ನಿವೃತ್ತ ಉಪಾಧ್ಯಾಯಿನಿ. ಮಗ ಕಚೇರಿಗೆ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ.

"ಮುಖ ನೋಡಿದಿರಾ?"

"ಟವೆಲ್ ಕಟ್ಟಿದ್ದ. ಒಂದು ಮಾತೂ ಆಡಲಿಲ್ಲ. ಕತ್ತು ಹಿಡಿದ, ನಾನು ಕೂಗಿದೆ, ಮರದ ತುಂಡಲ್ಲಿ ಹೊಡೆದ."

ಡಾಕ್ಟರು ಗಾಯದ ಪ್ರಮಾಣಪತ್ರ ಬರೆಯುತ್ತ ಸೇತುರಾಮನನ್ನು ಹತ್ತಿರ ಕರೆದರು. ಕತ್ತಿನ ಒಂದು ಬದಿಗೆ ಹೆಬ್ಬೆರಳ ಕಪ್ಪು ಗುರುತಿತ್ತು. ಇನ್ನೊಂದು ಬದಿಗೆ ನಾಲ್ಕಿರಬೇಕಾದ ಕಡೆ ಎರಡೇ ಗುರುತು.

ಸೇತುರಾಮ ಅದನ್ನು ಡೈರಿಯಲ್ಲಿ ಬರೆದುಕೊಂಡ.

ಮಾರ್ಚ್ 16, ಶನಿವಾರ. ಎರಡು ಗಂಟೆಗೆ ಮತ್ತೆ ಕಳ್ಳ ಬಂದ. ಈ ಸಲ ಮೂರನೆಯ ಅಡ್ಡರಸ್ತೆಯ ಸೀತಾ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಸರ ಬಿಡದೆ ಹಿಡಿದುಕೊಂಡಿದ್ದಕ್ಕೆ ಬಲಗೈ ಮುರಿದು ಸರವೂ ಹೋಯಿತು. ಅದೇ ಬಗೆಯ ಬಾಗಿಲು, ಅದೇ ಬಗೆಯ ಗೀರು.

ಬಡಾವಣೆ ನಡುಗಿತು. ಎರಡು ಸಂಸಾರದವರು ಮನೆಗೆ ಬೀಗ ಹಾಕಿ ಚಾಮರಾಜಪೇಟೆಯ ನೆಂಟರ ಮನೆಗೆ ಹೋದರು. ಮರುದಿನ ಭಾನುವಾರ ನಾಲ್ಕು ಗಂಟೆಗೆ ಉಳಿದವರೆಲ್ಲ ಹೊಂಗೆ ಮರದ ಕೆಳಗೆ ಸಭೆ ಸೇರಿದರು. ಸೇತುರಾಮನನ್ನೂ ಕರೆದಿದ್ದರು. ಬೈಗುಳ ತಿನ್ನಲು ಮನಸ್ಸು ಗಟ್ಟಿಮಾಡಿಕೊಂಡೇ ಅವನು ಹೋದ.

ಅಧ್ಯಕ್ಷತೆ ನಿವೃತ್ತ ಹೆಡ್‌ಮಾಸ್ಟರ್ ವೆಂಕಟಗಿರಿಯವರದು. ಅವರು ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡು, ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಗೂರ್ಖಾ ಒಬ್ಬನನ್ನು ನೇಮಿಸಿಕೊಳ್ಳಬೇಕೆಂದು ಠರಾವು ಓದಿದರು. ಗಂಡಸರೆಲ್ಲ ಚಪ್ಪಾಳೆ ತಟ್ಟಿದರು.

"ಮೇಷ್ಟ್ರೇ, ಕಳ್ಳ ಬರೋದು ಮಧ್ಯಾಹ್ನ ಎರಡು ಗಂಟೆಗೆ," ಎಂದಳು ಜಲಜಾ. "ಆ ಹೊತ್ತಲ್ಲಿ ಗೂರ್ಖಾ ನಿದ್ದೆ ಮಾಡ್ತಿರ್ತಾನೆ."

ಹಿಂದಿನ ಸಾಲಿನ ಹೆಂಗಸರು ನಗತೊಡಗಿದರು. ಆರು ದಿನದಿಂದ ಆ ಬಡಾವಣೆಯಲ್ಲಿ ಯಾರೂ ನಕ್ಕಿರಲಿಲ್ಲ. ನಗು ಮುಂದಿನ ಸಾಲಿಗೂ ಹಬ್ಬಿ, ಕೊನೆಗೆ ಮೇಷ್ಟ್ರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

"ಹಾಗಾದ್ರೆ ನೀನೇ ಹೇಳಮ್ಮ."

"ಹಪ್ಪಳ ಸಂಡಿಗೆ ಕಾಲ ಇದು. ಹೇಗೂ ಬಿಸಿಲಲ್ಲಿ ತಾರಸಿ ಮೇಲೇ ಇರ್ತೀವಿ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹತ್ತೋ ಬದಲು ಪಾಳಿ ಹಾಕ್ಕೊಳ್ಳೋಣ. ಹನ್ನೊಂದರಿಂದ ನಾಲ್ಕು. ಹೊಸ ಮುಖ ಕಂಡ್ರೆ ತಟ್ಟೆ ಬಡಿಯೋದು. ಒಬ್ಬರು ಬಡಿದ್ರೆ ಎಲ್ಲರೂ ಬಡಿಯೋದು."

"ತಾರಸಿಯಿಂದ ನಿಮ್ಗೆ ಹಿತ್ಲು ಕಾಣ್ತದೆ. ಸೈಟಿನ ಪೊದೆ ಕಾಣ್ತದಾ?"

ಎಲ್ಲರೂ ತಿರುಗಿ ನೋಡಿದರು. ಮರದ ಆಚೆ ಕೋಲೂರಿಕೊಂಡು ನಿಂತಿದ್ದವಳು ಮುನಿತಾಯಮ್ಮ. ಬಡಾವಣೆಯಾಗುವ ಮೊದಲು ಈ ನೆಲದಲ್ಲಿ ರಾಗಿ ಬೆಳೆಯುತ್ತಿದ್ದ ಹಳ್ಳಿಯವಳು. ಅವಳ ಎಂಟು ಎಮ್ಮೆ ಈಗಲೂ ಖಾಲಿ ಸೈಟುಗಳಲ್ಲೇ ಮೇಯುತ್ತಿದ್ದವು. ಅವು ಹೂವಿನ ಗಿಡ ತಿಂದವೆಂದು ಬಡಾವಣೆಯವರು ಕಾರ್ಪೊರೇಷನ್ನಿಗೆ ಅರ್ಜಿ ಬರೆದಿದ್ದರು. ಅರ್ಜಿ ಬರೆದ ವೆಂಕಟಗಿರಿಯವರು ನೆಲ ನೋಡಿದರು.

"ನಮ್ಮೋರು ನಾಕು ಜನ ದಿನವೆಲ್ಲಾ ಪೊದೆ ಮಧ್ಯದಾಗೇ ಇರ್ತೀವಿ," ಎಂದಳು ಮುನಿತಾಯಮ್ಮ. "ಆ ಕೈ ಮುರ್ದೈತಲ್ಲ ಹುಡ್ಗಿ, ನನ್ನ ಮೊಮ್ಮಗಳ ವಯಸ್ಸು. ನಮ್ಮನ್ನೂ ಸೇರುಸ್ಕಳಿ."

ಜಲಜಾ ಎದ್ದು ಹೋಗಿ ಅವಳ ಕೈ ಹಿಡಿದು ತಂದು ಜಮಖಾನದ ಮೇಲೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

ಸೇತುರಾಮ ಒಂದೇ ಷರತ್ತು ಹಾಕಿದ. "ತಟ್ಟೆ ಬಡೀರಿ, ಕೂಗಿ. ಆದ್ರೆ ಯಾರೂ ಮೈಮೇಲೆ ಕೈ ಹಾಕಬಾರದು. ಹಿಡಿಯೋದು ನಮ್ಮ ಕೆಲಸ."

"ಹಾಗಾದ್ರೆ ಹಿಡಿಯೋರು ಹತ್ತಿರ ಇರಬೇಕಲ್ಲ ಸಾರ್?" ಎಂದಳು ಜಲಜಾ.

ಮರುದಿನದಿಂದ ಬೆಟ್ಟಯ್ಯ ಪಂಚೆಯುಟ್ಟು ಜಲಜಾಳ ತಾರಸಿ ಹತ್ತಿದ. ಸುಮ್ಮನೆ ಕೂತರೆ ಅನುಮಾನ ಬರುತ್ತದೆಂದು ಅವನ ಕೈಗೆ ಚಕ್ಕುಲಿ ಒರಳು ಕೊಟ್ಟರು. ಸಂಜೆ ಠಾಣೆಗೆ ಬಂದು ಸೆಲ್ಯೂಟ್ ಹೊಡೆದಾಗ ಅವನ ಹುಬ್ಬಿಗೂ ಹಿಟ್ಟು ಹತ್ತಿತ್ತು.

ಅದೇ ಸೋಮವಾರ ಸೇತುರಾಮ ಬಾಗಿಲುಗಳ ಜಾಡು ಹಿಡಿದು ಹೊರಟಿದ್ದ. ಎರಡೂ ಮನೆಯ ಬಾಗಿಲು ಮಾಡಿಸಿದ್ದು ಕಂಟ್ರಾಕ್ಟರ್ ಬೈರಪ್ಪ. ರಾಜಾಜಿನಗರದಲ್ಲಿ ಏಳುತ್ತಿದ್ದ ಕಟ್ಟಡವೊಂದರ ಮರಳು ರಾಶಿಯ ಪಕ್ಕ ಅವನು ಸಿಕ್ಕಿದ.

"ಈ ಥರ ಅಗುಳಿ ಎಷ್ಟು ಮನೆಗೆ ಹಾಕಿದೀರಿ?"

"ಆ ಬಡಾವಣೇಲಿ ಒಂಬತ್ತಕ್ಕೆ ಸಾರ್."

"ಮಾಡಿದೋರು ಯಾರು?"

"ನಾಲ್ಕು ಜನ ಬಡಗಿಗಳು. ಮೂರು ಜನ ಇಲ್ಲೇ ಇದಾರೆ, ನೋಡಿ. ನೀವು ಹೇಳಿದ ಮಂಗಳವಾರ, ಶನಿವಾರ ಎರಡೂ ದಿನ ಹಾಜರಿ ಇದೆ."

"ನಾಲ್ಕನೆಯವನು?"

ಬೈರಪ್ಪ ತಡೆದು ಹೇಳಿದ. "ಕೃಷ್ಣಪ್ಪ. ಆ ಅಗುಳಿ ಅವನೇ ಕಂಡುಹಿಡಿದಿದ್ದು. ಚಿನ್ನದಂಥ ಕೆಲಸಗಾರ. ಹೋದ ದೀಪಾವಳಿ ಹೊತ್ತಲ್ಲಿ ಬೇರೆ ಕಡೆ ಗರಗಸದ ಮಿಷನ್‌ಗೆ ಕೈ ಕೊಟ್ಟ. ಬಲಗೈಲಿ ಎರಡು ಬೆರಳು ಹೋಯ್ತು. ಆಮೇಲೆ ಯಾರೂ ಕರೀಲಿಲ್ಲ. ನಾನೂ ಕರೀಲಿಲ್ಲ."

ಮಂಗಳವಾರ ಬೆಳಿಗ್ಗೆ ಬೆಟ್ಟಯ್ಯ ಬೈರಪ್ಪ ಕೊಟ್ಟ ವಿಳಾಸ ಹಿಡಿದು, ಮಂಚ ಮಾಡಿಸುವ ಗಿರಾಕಿಯಂತೆ ಬ್ಯಾಡರಹಳ್ಳಿಗೆ ಹೋಗಿ ಕೃಷ್ಣಪ್ಪನ ಮನೆ ಹುಡುಕಿದ. ಹೆಂಡತಿ ಸಂಭ್ರಮದಿಂದ ಚಾಪೆ ಹಾಸಿದಳು.

"ಅವ್ರು ಭಾನುವಾರ ಮಾತ್ರ ಬತ್ತಾರೆ ಅಣ್ಣ. ದೊಡ್ಡ ಕೆಲ್ಸ ಹಿಡ್ದವ್ರೆ, ಅಲ್ಲೇ ಮಲಗ್ತಾರೆ."

"ಎಲ್ಲಮ್ಮ ಕೆಲ್ಸ?"

"ಅದು ಗೊತ್ತಿಲ್ಲ. ಕೈ ಹಂಗಾದ್ರೂ ಒಂದಿನ ಕೆಲ್ಸ ಬಿಟ್ಟಿಲ್ಲ ನೋಡಿ."

ಬೆಟ್ಟಯ್ಯ ಅವಳು ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದ.

ಭಾನುವಾರದವರೆಗೆ ಕಾದು ಕೂರುವಂತಿರಲಿಲ್ಲ. ಸೇತುರಾಮ ಒಂಬತ್ತು ಮನೆಗಳ ಪಟ್ಟಿ ಹಿಡಿದು ನೇರ ಜಲಜಾಳ ಮನೆಗೆ ಹೋದ. ಎರಡು ಮನೆಗೆ ಆಗಲೇ ನುಗ್ಗಿದ್ದ, ಎರಡಕ್ಕೆ ಬೀಗ ಬಿದ್ದಿತ್ತು. ಉಳಿದದ್ದು ಐದು. ಹೆಂಗಸರು ತಟ್ಟೆ ಲೋಟ ಪಕ್ಕಕ್ಕಿಟ್ಟು ಪಟ್ಟಿಯ ಸುತ್ತ ಕೂತು, ಯಾರ ತಾರಸಿಯಿಂದ ಯಾವ ಹಿತ್ತಲು ಕಾಣುತ್ತದೆಂದು ಹತ್ತು ನಿಮಿಷದಲ್ಲಿ ಹಂಚಿಕೊಂಡರು. ಇಷ್ಟು ಚುರುಕಾಗಿ ಬಂದೋಬಸ್ತ್ ಹಂಚಿದ ಅಧಿಕಾರಿಯನ್ನು ಸೇತುರಾಮ ಇಲಾಖೆಯಲ್ಲಿ ಕಂಡಿರಲಿಲ್ಲ. ಕೈಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಸೀತಾ ತನಗೂ ಒಂದು ಹಿತ್ತಲು ಬೇಕೆಂದು ಹಟ ಹಿಡಿದಳು.

"ನಿನ್ನ ಕೈ ಹಿಂಗಿದೆಯಲ್ಲೇ?" ಎಂದಳು ಜಲಜಾ.

"ಎಡಗೈ ಚೆನ್ನಾಗೇ ಇದೆ ಅಕ್ಕ. ಹೆದರ್ಕೊಂಡು ಒಳಗೆ ಕೂತ್ರೆ ಇನ್ನೂ ನೋವಾಗತ್ತೆ."

ಬುಧವಾರ ಏನೂ ನಡೆಯಲಿಲ್ಲ. ಆದರೆ ತಾರಸಿಯಿಂದ ತಾರಸಿಗೆ ಮಾತು ಹಾರಿತು, ಹಾಡು ಹಾರಿತು, ಉಪ್ಪಿನಕಾಯಿಯ ಹದ ಹಾರಿತು. ಒಂದು ವರ್ಷದಿಂದ ಅಕ್ಕಪಕ್ಕದಲ್ಲಿದ್ದರೂ ಹೆಸರು ಗೊತ್ತಿಲ್ಲದವರು ಈಗ ಅಕ್ಕತಂಗಿಯರಾದರು. ಮುನಿತಾಯಮ್ಮ ಕೆಳಗಿನಿಂದಲೇ ಸೋಬಾನೆ ಎತ್ತಿಕೊಟ್ಟಳು. ಮೇಲಿನವರು ತಪ್ಪುತಪ್ಪಾಗಿ ಹೇಳಿದಾಗ ಎಮ್ಮೆಗಳ ಮಧ್ಯೆ ನಿಂತು ಬೈದಳು.

ಮಾರ್ಚ್ 21, ಗುರುವಾರ. ಸಾದಾ ಶರ್ಟು ತೊಟ್ಟ ಸೇತುರಾಮ ಜಲಜಾಳ ನಡುಮನೆಯಲ್ಲಿ ಕೂತು ಮೂರನೆಯ ಲೋಟ ಮಜ್ಜಿಗೆಯನ್ನು ಬೇಡವೆನ್ನುತ್ತಿದ್ದ. ಎರಡು ಗಂಟೆ ಐದು ನಿಮಿಷ. ಮೂರನೆಯ ಅಡ್ಡರಸ್ತೆಯ ಕಡೆಯಿಂದ ಟಣ್ ಟಣ್ ಎಂದು ಸದ್ದು ಬಂತು. ಒಂದು ಗಳಿಗೆ ಅದೊಂದೇ. ಮರುಕ್ಷಣ ಬಡಾವಣೆಗೆ ಬಡಾವಣೆಯೇ ಮೊಳಗಿತು. ಹಿತ್ತಾಳೆ ತಟ್ಟೆ, ಸ್ಟೀಲ್ ತಟ್ಟೆ, ದೇವರಮನೆಯ ಜಾಗಟೆ, ಯಾರದೋ ಮನೆಯ ಬಕೆಟ್ಟು, ಎಲ್ಲ ಒಟ್ಟಿಗೆ.

ಅವನು ಓಡಿದ. ಬೆಟ್ಟಯ್ಯ ಮೆಟ್ಟಿಲಿನಿಂದ ಧುಮುಕಿ ಪಂಚೆ ಎತ್ತಿ ಕಟ್ಟಿಕೊಂಡು ಹಿಂದೆಯೇ ಬಂದ.

"ನಮ್ಮೆದುರು ಮನೆ ಹಿತ್ತಲು ಸಾರ್!" ಸೀತಾ ಮೇಲಿನಿಂದ ಕೂಗಿದಳು. ಎಡಗೈಯಲ್ಲಿ ಸೌಟು, ತಟ್ಟೆ ಕಟ್ಟೆಯ ಮೇಲೆ. "ಕಾಂಪೌಂಡ್ ಹಾರಿದ! ಬಲಕ್ಕೆ, ಬಲಕ್ಕೆ!"

ಮುಖಕ್ಕೆ ಟವೆಲ್ ಕಟ್ಟಿದ್ದವನು ಹೆಗಲಿಗೆ ಚೀಲ ಹಾಕಿಕೊಂಡು ಬಲಕ್ಕೆ ತಿರುಗಿದ. ಅಲ್ಲಿಯ ತಾರಸಿಯಿಂದ ತಟ್ಟೆ ಬಡಿಯಿತು. ಎಡಕ್ಕೆ ತಿರುಗಿದ. ಅಲ್ಲೂ ಬಡಿಯಿತು. ಅವನು ಹೋದಲ್ಲೆಲ್ಲ ಸದ್ದು ತಲೆಯ ಮೇಲೆ ಬಂದು ನಿಲ್ಲುತ್ತಿತ್ತು. ಉಳಿದದ್ದು ಎರಡು ಗೋಡೆಗಳ ನಡುವಿನ ಓಣಿ ಒಂದೇ. ಅದರೊಳಗೆ ನುಗ್ಗಿದ. ಆ ತುದಿಯಿಂದ ಮುನಿತಾಯಮ್ಮ ಎಂಟೂ ಎಮ್ಮೆಗಳನ್ನು ಹೊಡೆದುಕೊಂಡು ಬರುತ್ತಿದ್ದಳು. ಸದ್ದಿಗೆ ಬೆದರಿದ ಎಮ್ಮೆಗಳು ಓಣಿಯ ತುಂಬ ಅಡ್ಡಡ್ಡ ನಿಂತುಬಿಟ್ಟವು. ಅವನು ಒಂದರ ಕೊಂಬು ಹಿಡಿದು ದಾಟಲು ನೋಡಿ ಸಗಣಿಯಲ್ಲಿ ಜಾರಿ ಕೂತ.

ಸೇತುರಾಮ ಅವನ ಬಲಗೈ ಹಿಡಿದ. ಹಿಡಿತಕ್ಕೆ ಸಿಕ್ಕಿದ್ದು ಮೂರೇ ಬೆರಳು.

"ಏಳು ಕೃಷ್ಣಪ್ಪ."

ಹೆಸರು ಕೇಳಿದ್ದೇ ಅವನ ಮೈ ಸಡಿಲವಾಯಿತು. ಅಷ್ಟರಲ್ಲಿ ಹೆಂಗಸರೆಲ್ಲ ಓಣಿಯ ಬಾಯಿಗೆ ಬಂದಿದ್ದರು. ವೆಂಕಟಗಿರಿ ಮೇಷ್ಟ್ರು ಕೊಡೆ ಎತ್ತಿಕೊಂಡು ಮುಂದೆ ಬಂದರು. ಮುನಿತಾಯಮ್ಮ ಕೋಲು ಅಡ್ಡ ಹಿಡಿದಳು.

"ಕೈ ಹಾಕ್ಬಾರ್ದು ಅಂದವ್ರೆ ಸಾಯೇಬ್ರು. ಕೆಳಗಿಳುಸಿ ಮೇಷ್ಟ್ರೇ."

ಎರಡು ಗಂಟೆ ಹದಿನೇಳು ನಿಮಿಷಕ್ಕೆ ಬಂಧನ. ಚೀಲದಲ್ಲಿ ಉಳಿ, ಸುತ್ತಿಗೆ, ತೆಳ್ಳನೆಯ ಗರಗಸದ ಅಲಗು ಇದ್ದವು. ಅಡಿಯಲ್ಲಿ ಮರ ಉಜ್ಜುವ ಉಪ್ಪುಕಾಗದದಲ್ಲಿ ಸುತ್ತಿಟ್ಟ ಎರಡೂ ಸರ ಸಿಕ್ಕವು. ಬೆಟ್ಟಯ್ಯ ಮಾಲು ಪಂಚನಾಮೆ ಬರೆಯುತ್ತಿದ್ದಾಗ ತಾರಸಿಗಳ ಮೇಲೆ ಮತ್ತೆ ತಟ್ಟೆ ಮೊಳಗಿದವು, ಈ ಸಲ ತಾಳಕ್ಕೆ ಸರಿಯಾಗಿ. ಸೀತಾ ಕುಣಿಯುತ್ತಿದ್ದಳು. ಸೇತುರಾಮನಿಗೂ ತಡೆಯಲಾಗದ ನಗು ಬಂತು. ಜೀಪಿನಲ್ಲಿ ತಲೆತಗ್ಗಿಸಿ ಕೂತಿದ್ದವನನ್ನು ನೋಡಿ ಅವನು ಮುಖ ತಿರುಗಿಸಿಕೊಂಡ.

ಸಂಜೆ ಐದಕ್ಕೆ ಹೇಳಿಕೆ.

"ಸರ ಯಾಕೆ ಮಾರಲಿಲ್ಲ?"

"ಮಾರೋಕೆ ಧೈರ್ಯ ಬರ್ಲಿಲ್ಲ ಸಾ."

"ಹಾಗಾದ್ರೆ ಕದ್ದಿದ್ದು ಯಾಕೆ?"

ಕೃಷ್ಣಪ್ಪ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡ. "ದಿನಾ ಚೀಲ ಹಾಕ್ಕೊಂಡು ಕೆಲ್ಸ ಕೇಳ್ತಿದ್ದೆ. ಕೈ ನೋಡಿ ಬೇಡ ಅನ್ನೋರು. ಮನೇಲಿ ಹೇಳೋಕೆ ಬಾಯಿ ಬರ್ಲಿಲ್ಲ. ನಾನು ಮಾಡಿದ ಬಾಗ್ಲು ಅಂತ ಆ ಟೀಚರಮ್ಮನ ಮನೆಗೂ ಕೇಳೋಕೆ ಹೋದೆ. ಕೈಗೆ ಬಟ್ಟೆ ಸುತ್ಕೊಂಡಿದ್ದೆ. ಅವರು ಕಿಟಕಿ ಮುಚ್ಚಿದ್ರು. ಒಂದು ವಾರ ಅದೇ ತಲೇಲಿ ಕೊರೀತು. ಆಮೇಲೆ ಹಿತ್ಲಾಗೆ ಹೋಗಿ ಅಲಗು ತೂರಿಸ್ದೆ. ಅಗುಳಿ ಒಂದೇ ಸಲಕ್ಕೆ ಎದ್ತು. ಐದು ತಿಂಗಳಲ್ಲಿ ಈ ಕೈ ನಾನು ಹೇಳಿದ ಮಾತು ಕೇಳಿದ್ದು ಅವತ್ತೇ ಸಾ."

"ಹೊಡೆದಿದ್ದು?"

ಅವನು ಗೋಡೆಯ ಕಡೆ ತಿರುಗಿ ಅತ್ತ.

ಮಾರ್ಚ್ 24, ಯುಗಾದಿ. ಬೀಗ ಹಾಕಿ ಹೋಗಿದ್ದ ಎರಡು ಸಂಸಾರಗಳು ಸಾಮಾನಿನೊಂದಿಗೆ ವಾಪಸು ಬಂದಿದ್ದವು. ಹೊಂಗೆ ಮರದ ಕೆಳಗೆ ಬಡಾವಣೆಯವರೂ ಹಳ್ಳಿಯವರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರು. ವೆಂಕಟಗಿರಿಯವರು ತಾವೇ ಮುನಿತಾಯಮ್ಮನ ಎಲೆಗೆ ತುಪ್ಪ ಬಡಿಸಿದರು. ಬೆಟ್ಟಯ್ಯನ ಎಲೆಗೆ ಮಾತ್ರ ಹೆಂಗಸರು ಹೋಳಿಗೆಯ ಮೇಲೆ ಹೋಳಿಗೆ ಹಾಕುತ್ತಲೇ ಇದ್ದರು.

ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಅನಂತಲಕ್ಷ್ಮಿ ಸೇತುರಾಮನ ಪಕ್ಕ ಕೂತಿದ್ದರು. "ಅವನು ಯಾಕೆ ಹಾಗೆ ಮಾಡಿದನಂತೆ?" ಎಂದು ಕೇಳಿದರು. ಅವನು ಮುಚ್ಚಿಡದೆ ಹೇಳಿದ. ಅವರು ಬಾಯಿಗೆ ಒಯ್ಯುತ್ತಿದ್ದ ಬೇವುಬೆಲ್ಲದ ಕೈಯನ್ನು ಕೆಳಗಿಳಿಸಿದರು.

"ಹೌದು, ಬಂದಿದ್ದ ಒಬ್ಬ. ಕೈಗೆ ಬಟ್ಟೆ ಸುತ್ಕೊಂಡಿದ್ದ. ಒಬ್ಬಳೇ ಇದ್ದೆ, ಹೆದರಿಕೆ ಆಯ್ತು," ಎಂದರು. "ಹೊಡೆದಿದ್ದು ತಪ್ಪು. ಸೀತಾನ ಕೈ ಮುರಿದಿದ್ದು ಇನ್ನೂ ದೊಡ್ಡ ತಪ್ಪು. ಕೋರ್ಟಿಗೆ ಬಂದು ಎಲ್ಲಾ ಹೇಳ್ತೀನಿ. ಕಿಟಕಿ ಮುಚ್ಚಿದ್ದನ್ನೂ ಹೇಳ್ತೀನಿ."

"ಅದು ಅಪರಾಧ ಅಲ್ಲಮ್ಮ."

"ಅಲ್ಲ. ಆದ್ರೂ ಹೇಳ್ತೀನಿ," ಎಂದು ಅವರು ಬೇವುಬೆಲ್ಲ ಬಾಯಿಗೆ ಹಾಕಿಕೊಂಡರು.