ಎಂಟನೇ ಹಾಡು ಮುಗಿದ ಮೇಲೆ

“ಮ್ಯೂಸಿಕ್ ಕಂಪನಿಯವರು ಮೂರನೇ ಹಾಡು ಮಾತ್ರ ಅಂದಿದ್ದಾರೆ. ಸಿಂಗಲ್,” ಎಂದೆ. “ಉಳಿದ ಎಂಟನ್ನೂ ಯಾಕೆ ಹೊತ್ಕೊಂಡು ಬಂದ್ರಿ?”

“ಒಂದ್ಸಲ ಇಡೀ ಕೇಳಿ ಮೇಡಂ,” ಎಂದ ಹಾಡುಗಾರ. “ಆಮೇಲೂ ಮೂರನೇದೊಂದೇ ಸಾಕು ಅಂದ್ರೆ, ಅವರ ಒಪ್ಪಂದಕ್ಕೆ ಸಹಿ ಹಾಕಿ ಹೋಗ್ತೀನಿ.”

ಚಿಕ್ಕಪ್ಪನ ಸ್ಟುಡಿಯೋದಲ್ಲಿ ಹಾಡುಗಳಿಗೆ ಕೊನೆಯ ಹದ ಕೊಡುವವಳು ನಾನು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಎಷ್ಟು ಮೌನ ಇರಬೇಕೆಂದು ಅಳೆಯುವುದೂ ಒಂದು ಕಾಲಕ್ಕೆ ನನ್ನ ಕೆಲಸವೇ. ಈಗ ಎಲ್ಲರದೂ ಒಂಟಿ ಹಾಡು. ಆಲ್ಬಂ ಯಾರಿಗೆ ಬೇಕು ಎಂದು ನಾನೇ ಎಷ್ಟೋ ಜನರಿಗೆ ಉಪದೇಶ ಮಾಡಿದ್ದೆ.

ಮುಖ ಗಂಟು ಹಾಕಿಕೊಂಡೇ ಹೆಡ್‌ಫೋನ್ ಏರಿಸಿದೆ.

ಮೊದಲನೆಯದು ಅವನ ಅಜ್ಜಿ ಕಲಿಸಿದ ಹಾಡು, ಹನ್ನೆರಡು ಸಾಲು. ಮುಂದಿನ ಹಾಡುಗಳಲ್ಲಿ ಅದೇ ಹಾಡು ಅಲ್ಲಲ್ಲಿ ಇಣುಕುತ್ತದೆ. ಪ್ರತಿ ಸಲವೂ ಒಂದೆರಡು ಸಾಲು ಕಡಿಮೆ, ಅಜ್ಜಿ ಮರೆಯುತ್ತಾ ಹೋದ ಹಾಗೆ. ಮೂರನೆಯದನ್ನು ಒಂಟಿಯಾಗಿ ಕೇಳಿದಾಗ ಮುದ್ದಾದ ಹಾಡು, ಅಷ್ಟೇ. ಎರಡನೆಯದರ ಬೆನ್ನಿಗೆ ಕೇಳಿದಾಗ, ಅದರಲ್ಲಿ ಇಲ್ಲದ ಸಾಲುಗಳೇ ಕೇಳಿಸತೊಡಗಿದವು. ಎಂಟನೆಯದು ಮುಗಿದಾಗ ನಿಲ್ಲಿಸಿ ಕನ್ನಡಕ ಒರೆಸಿಕೊಂಡೆ. ಧೂಳು ಕೂತಿತ್ತು. ಒಂಬತ್ತನೆಯದರಲ್ಲಿ ಮಾತೇ ಇಲ್ಲ, ಬರೀ ಗುನುಗು. ಅಜ್ಜಿಗೆ ಕೊನೆಗೆ ಉಳಿದದ್ದು ಅದೊಂದೇ.

ನಲವತ್ತೊಂದು ನಿಮಿಷ ಬೆರಗಾಗಿ ಕೂತಿದ್ದೆ. ಹಾಡುಗಳು ಒಂದನ್ನೊಂದು ಹೀಗೆ ಕೈಹಿಡಿದು ನಡೆಸಬಲ್ಲವು ಎಂಬುದೇ ನನಗೆ ಮರೆತುಹೋಗಿತ್ತು.

“ಸಹಿ ಹಾಕ್ಬೇಡಿ,” ಎಂದೆ.

ಅವನು ನಕ್ಕ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ನಾನೇನೂ ನೋಡಲಿಲ್ಲ.

ಕಂಪನಿಯ ಮುಖ್ಯಸ್ಥೆಗೆ ಫೋನ್ ಮಾಡಿ ದುಂಬಾಲು ಬಿದ್ದೆ. ಎರಡು ವಾರ ಬಿಟ್ಟು ಶುಕ್ರವಾರ ಇಡೀ ಕೇಳುತ್ತೇನೆ, ಹಿಡಿಸದಿದ್ದರೆ ಮೂರನೆಯದೊಂದೇ, ಎಂದರು.

ಆ ಎರಡು ವಾರ ಅವನು ದಿನಾ ಬಂದ. ಚಿಕ್ಕಪ್ಪ ಅವನಿಗೆ ‘ಇಡೀ ಸಾಹೇಬ್ರು’ ಎಂದು ಹೆಸರಿಟ್ಟರು. “ಇಡೀ ಸಾಹೇಬ್ರು ಇವತ್ತೂ ಇಡೀ ದಿನ ಇರ್ತಾರೇನಮ್ಮ?” ಎಂದು ನನ್ನನ್ನು ಕೇಳುವರು. ನಾನು ಮೇಜಿನ ಕೆಳಗೆ ಇಲ್ಲದ ವೈರ್ ಹುಡುಕುತ್ತಿದ್ದೆ.

ಆ ಶುಕ್ರವಾರ ಫೈಲ್ ಕಳಿಸುವ ಮುಂಚೆ ಅವನು ಕೊನೆಯ ಸಲ ಕೇಳಿ, ಹೆಡ್‌ಫೋನ್ ತೆಗೆದ.

“ಎಂಟನೇದಾದ್ಮೇಲೆ ಹನ್ನೊಂದು ಸೆಕೆಂಡ್ ಮೌನ ಇತ್ತಲ್ಲ, ಎಲ್ಲಿ ಮೇಡಂ?”

“ಖಾಲಿ ಇತ್ತು, ಕತ್ತರಿಸ್ದೆ.” ಒಂಟಿ ಹಾಡುಗಳ ಬಾಲ ಕತ್ತರಿಸಿ ಕತ್ತರಿಸಿ ಕೈಗೆ ಅದೇ ರೂಢಿ. “ಅಷ್ಟು ಹೊತ್ತು ಸುಮ್ನಿದ್ರೆ ಜನ ಫೋನ್ ಕೆಟ್ಟೋಯ್ತು ಅಂದ್ಕೋತಾರೆ.”

“ನಾನೂ ಮೊದಲು ಎರಡೇ ಸೆಕೆಂಡ್ ಇಟ್ಟಿದ್ದೆ.” ಅವನು ಮೇಜಿನ ಅಂಚು ನೋಡುತ್ತಾ ಹೇಳಿದ. “ಮೊದಲ ದಿನ ಎಂಟನೇದು ಮುಗಿದಾಗ ನೀವು ನಿಲ್ಲಿಸಿದ್ರಿ. ಕನ್ನಡಕದ ನೆಪದಲ್ಲಿ ಕಣ್ಣು ಒರೆಸ್ಕೊಂಡ್ರಿ. ಗೋಡೆ ಗಡಿಯಾರ ನೋಡ್ದೆ, ಹನ್ನೊಂದು ಸೆಕೆಂಡ್. ಮನೆಗೆ ಹೋಗಿ ಅಷ್ಟೇ ಇಟ್ಟೆ.”

ನನ್ನದೇ ಮೌನವನ್ನು ನಾನೇ ಕತ್ತರಿಸಿ ಎಸೆದಿದ್ದೆ. ಅದನ್ನು ಮತ್ತೆ ಅದರ ಜಾಗದಲ್ಲಿಟ್ಟು ಕಳಿಸಿದೆ.

ಸಂಜೆ ಮುಖ್ಯಸ್ಥೆಯ ಫೋನ್ ಬಂತು. “ಎಂಟನೇದಕ್ಕೆ ಫೈಲ್ ನಿಂತೋಯ್ತು ಅಂತ ನಿಮ್ಮನ್ನ ಬೈಯೋಕೆ ಫೋನ್ ಎತ್ಕೊಂಡೆ. ಅಷ್ಟರಲ್ಲಿ ಒಂಬತ್ತನೇದು ಶುರುವಾಯ್ತು. ಇಡೀ ಬರ್ಲಿ.”

ಚಿಕ್ಕಪ್ಪ ಟೀ ತರುತ್ತೇನೆಂದು ಹೊರಗೆ ಹೋದರು. ಫ್ಲಾಸ್ಕ್ ತುಂಬಾ ಟೀ ಮೇಜಿನ ಮೇಲೇ ಇತ್ತು.

“ಇನ್ನು ಬರೋಕೆ ನೆಪ ಇಲ್ಲ ಮೇಡಂ,” ಎಂದ ಅವನು.

“ಒಂದ್ಸಲ ಇಡೀ ಕೇಳೋಣ. ಇಬ್ರೂ,” ಎಂದೆ.

ಎಂಟನೆಯದು ಮುಗಿಯಿತು. ಮೂರನೇ ಸೆಕೆಂಡಿಗೆ ಅವನ ಕೈ ಹಿಡಿದೆ.

“ನಂಗೆ ನೀವು ಬೇಕು,” ಎಂದೆ.

“ನಂಗೂ,” ಎಂದ.

ಇನ್ನೂ ನಾಲ್ಕು ಸೆಕೆಂಡ್ ಉಳಿದಿತ್ತು. ಈ ಸಲ ನಾನು ನಿಲ್ಲಿಸಲಿಲ್ಲ. ಒಂಬತ್ತನೆಯದು ತಾನಾಗಿಯೇ ಶುರುವಾಯಿತು.