ಏಳನೆಯ ಸರಣಿಯ ಹಾಳೆ

೨೦೦೨ನೆಯ ಇಸವಿ ಜೂನ್ ೧೩, ಗುರುವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಪೇಟೆಂಟ್ ಏಜೆಂಟ್ ರಾಮಸ್ವಾಮಿ ಬಸವನಗುಡಿಯ ಠಾಣೆಗೆ ಬಂದು ದೂರು ಕೊಟ್ಟರು. ಅವರ ಕಚೇರಿಯ ಬೀರುವಿನಿಂದ ಒಂದು ಫ್ಲಾಪಿ ಮತ್ತು ಒಂದು ಹಾಳೆ ಕಾಣೆಯಾಗಿದ್ದವು.

ಇನ್ಸ್‌ಪೆಕ್ಟರ್ ದೊಡ್ಡಬೈರಪ್ಪ ದೂರನ್ನು ಎರಡು ಸಲ ಓದಿದರು. ತಲೆಬುಡ ತಿಳಿಯಲಿಲ್ಲ.

“ಫ್ಲಾಪಿಲಿ ಏನಿತ್ತು ಸ್ವಾಮಿ?”

“ರೋಗಿಗಳ ರಕ್ತದಲ್ಲಿ ಲ್ಯಾಬಿನೋರು ಓದಿದ ಜೀನು. ಎ, ಸಿ, ಜಿ, ಟಿ, ನಾಲ್ಕೇ ಅಕ್ಷರ, ಸಾವಿರಾರು ಸಲ. ಒಬ್ಬೊಬ್ಬ ರೋಗಿದು ಒಂದೊಂದು ಸರಣಿ, ಒಟ್ಟು ಹನ್ನೆರಡು. ಹೋಗಿರೋ ಹಾಳೆ ಏಳನೇದು. ಇದರ ಮೇಲೆ ಲ್ಯಾಬಿಗೆ ಹೊರದೇಶದಲ್ಲೂ ಪೇಟೆಂಟ್ ಹಕ್ಕು ಬೇಕು ಅಂದ್ರೆ ಅರ್ಜಿ ಜೊತೆ ಕಾಗದದಲ್ಲೂ ಕೊಡ್ಬೇಕು, ಫ್ಲಾಪಿಲೂ ಕೊಡ್ಬೇಕು. ಎರಡೂ ಅಕ್ಷರಕ್ಕಕ್ಷರ ಒಂದೇ ಅಂತ ಹೇಳಿಕೆ ಕೊಡ್ಬೇಕು. ಸೋಮವಾರ ಕೊನೇ ದಿನ.”

“ಲ್ಯಾಬಿನಲ್ಲಿ ಇನ್ನೊಂದು ಪ್ರತಿ ಇಲ್ವಾ?”

“ಇದೆ, ತರಿಸ್ತೀನಿ. ಆದ್ರೆ ನನ್ನ ಬೀರುವಿಂದ ಗುಟ್ಟು ಹೊರಗೆ ಹೋಯ್ತು ಅಂದ್ಮೇಲೆ ಇನ್ಯಾರು ನನ್ನ ಹತ್ರ ಬರ್ತಾರೆ? ಇಪ್ಪತ್ತೆರಡು ವರ್ಷದ ಹೆಸರು, ಇನ್ಸ್‌ಪೆಕ್ಟರೇ.”

ಕಳ್ಳತನದ ೩೭೯ನೆಯ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಹನ್ನೆರಡು ಗಂಟೆಗೆ ಸ್ಥಳ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಕೀಲಿ ಎಲ್ಲರ ಕಣ್ಣೆದುರೇ ಮೊಳೆಗೆ ತೂಗುತ್ತಿತ್ತು. ಕಚೇರಿಯಲ್ಲಿ ಕೆಲಸಕ್ಕಿದ್ದವರು ಇಬ್ಬರೇ. ಕಂಪ್ಯೂಟರ್ ನೋಡಿಕೊಳ್ಳುವವನು ಪ್ರಸನ್ನ. ಇನ್ನೊಬ್ಬರು ಅರವತ್ತೊಂದು ವರ್ಷದ ಆಂಡಾಳ್, ಹಿಂದೆ ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಆಂಡಾಳ್ ಹಾಳೆ ನೋಡಿ ಹತ್ತು ಹತ್ತು ಅಕ್ಷರ ಗಟ್ಟಿಯಾಗಿ ಓದುವುದು, ಪ್ರಸನ್ನ ಪರದೆಯ ಮೇಲೆ ತಾಳೆ ನೋಡುವುದು, ಇದು ಅಲ್ಲಿನ ಪದ್ಧತಿ.

“ನಾನ್ಯಾಕೆ ಕದೀಲಿ ಸಾರ್?” ಎಂದ ಪ್ರಸನ್ನ. “ಕಾಪಿ ಮಾಡ್ಕೊಂಡ್ರೆ ಯಾರಿಗೂ ಗೊತ್ತೇ ಆಗಲ್ಲ.”

“ಕೇಳಿಸ್ಕೊಳ್ಳಿ ಸಾರ್, ಕಳ್ಳತನಕ್ಕೆ ಪಾಠ ಬೇರೆ ಹೇಳ್ಕೊಡ್ತಾನೆ,” ಎಂದಳು ಕಾನ್‌ಸ್ಟೆಬಲ್ ಲಕ್ಕಮ್ಮ.

ಆದರೆ ಅವನ ಮಾತು ದೊಡ್ಡಬೈರಪ್ಪನವರಿಗೆ ಸರಿಯೆನಿಸಿತು. ಮಾರುವ ಕಳ್ಳನಿಗೆ ಫ್ಲಾಪಿ ಸಾಕು. ಏಳನೆಯ ಸರಣಿಯ ಆ ಒಂದೇ ಹಾಳೆ ಏಕೆ?

ಶುಕ್ರವಾರ ಹನ್ನೊಂದಕ್ಕೆ ಲ್ಯಾಬಿನಿಂದ ಹೊಸ ಪ್ರತಿ ಬಂತು.

“ನಿಮ್ಮ ಕೆಲಸ ನೀವು ಮಾಡಿ. ನಾನು ಸುಮ್ನೆ ಕೂತಿರ್ತೀನಿ,” ಎಂದರು ಇನ್ಸ್‌ಪೆಕ್ಟರು.

ಆರು ಸರಣಿಗಳನ್ನು ಆಂಡಾಳ್ ಸಾಲಿನ ಕೆಳಗೆ ಬೆರಳಿಟ್ಟು, ಅಲ್ಲಲ್ಲಿ ತಡವರಿಸಿ ಓದಿದರು. ಏಳನೆಯದು ಬಂದಾಗ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ದನಿ ಮಾತ್ರ ನಿಲ್ಲಲಿಲ್ಲ. “ಸರಿ... ಸರಿ...” ಎನ್ನುತ್ತ ಪ್ರಸನ್ನ ತಾಳೆ ನೋಡುತ್ತಲೇ ಇದ್ದ. ನಾಲ್ಕು ಸಾಲು ಹಾಗೆಯೇ ಸಾಗಿತು.

“ಆಂಡಾಳಮ್ಮ, ಇದು ಯಾವಾಗಿಂದ ಬಾಯಿಪಾಠ?” ಎಂದು ಇನ್ಸ್‌ಪೆಕ್ಟರು ಕೇಳಿದರು.

ಆಕೆ ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡರು.

“ಸೋಮವಾರದಿಂದ.”

ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಚಾಮರಾಜಪೇಟೆಯ ಆಕೆಯ ಮನೆಯಲ್ಲಿ, ದೇವರ ಪೆಟ್ಟಿಗೆಯೊಳಗೆ ಹಾಳೆ, ಫ್ಲಾಪಿ ಎರಡೂ ಸಿಕ್ಕವು. ಪಂಚರಲ್ಲಿ ಒಬ್ಬರಾಗಿ ಬಂದ ಪಕ್ಕದ ಮನೆಯ ಕಾವೇರಮ್ಮ ಹಾಳೆಯನ್ನು ಇಣುಕಿ ನೋಡಿದರು.

“ಇದೇನ್ರೀ ಇದು, ಬರೀ ಎಬಿಸಿಡಿ?”

“ನಮ್ಮ ಅಕ್ಷಯಾ ರಿಪೋರ್ಟು,” ಎಂದರು ಆಂಡಾಳ್.

ಅಕ್ಷಯಾ ಅವರ ಮೊಮ್ಮಗಳು. ಕೈಕಾಲಿನ ಬಲ ಉಡುಗುತ್ತ ಬಂದು, ಎರಡು ವರ್ಷದ ಹಿಂದೆ, ಒಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದಳು.

“ರಕ್ತ ತಗೊಂಡಿದ್ದು ಏಕಾದಶಿ ದಿನ. ರಿಪೋರ್ಟ್ ಎಲ್ಲಿ ಅಂತ ಆಸ್ಪತ್ರೆಗೆ ಅಲೆದೆ. ಬಂದಿಲ್ಲ ಹೋಗಿ ಅಂದ್ರು. ಮಗು ಹೋದ್ಮೇಲೂ ಕೇಳ್ದೆ. ಸೋಮವಾರ ಇವರ ಅರ್ಜಿ ಓದ್ತಿದೀನಿ, ಏಳನೇದು: ಚಾಮರಾಜಪೇಟೆ, ಒಂಬತ್ತು ವರ್ಷದ ಹೆಣ್ಣುಮಗು. ಅದೇ ಕಾಯಿಲೆ, ಅದೇ ತಾರೀಖು.”

ಲಕ್ಕಮ್ಮ ಆಸ್ಪತ್ರೆಯ ಹಳೆಯ ಚೀಟಿ ಹುಡುಕಿ ತಂದಳು. ತಾರೀಖು ಹೊಂದುತ್ತಿತ್ತು.

“ಕೇಳಿದ್ರೆ ನಾನೇ ಜೆರಾಕ್ಸ್ ಕೊಡ್ತಿದ್ದೆನಲ್ಲಮ್ಮ!” ಎಂದರು ಜೊತೆಗೆ ಬಂದಿದ್ದ ರಾಮಸ್ವಾಮಿ.

“ಕೊಡ್ತಿರ್ಲಿಲ್ಲ. ಗುಟ್ಟು ಅಂತಿದ್ರಿ.”



“ಯಾರಿಗಾದ್ರೂ ಮಾರೋ ಯೋಚನೆ ಇತ್ತಾ?” ಎಂದು ಇನ್ಸ್‌ಪೆಕ್ಟರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ.

“ಯಾರಿಗೆ ಮಾರಲಿ? ಹೊರದೇಶಕ್ಕೆ ಹೋಗೋ ಮೊದಲು ಒಂದ್ಸಲ ಮನೆಗೆ ಬರಲಿ ಅಂದ್ಕೊಂಡೆ.”

ಎರಡು ಹತ್ತಕ್ಕೆ ಬಂಧನವಾಯಿತು. ದೇವರಿಗೆ ಕೈಮುಗಿದು ಬರಲು ಆಕೆ ಎರಡು ನಿಮಿಷ ಕೇಳಿದರು. ಲಕ್ಕಮ್ಮ ಹೊಸ್ತಿಲಾಚೆ ನಿಂತಳು.

ಸೋಮವಾರ ಅರ್ಜಿ ಗಡುವಿನೊಳಗೆ ಸಲ್ಲಿಕೆಯಾಯಿತು. ದೋಷಾರೋಪ ಪಟ್ಟಿಯಲ್ಲಿ ಕೃತ್ಯಕ್ಕೆ ಕಾರಣವನ್ನು ದೊಡ್ಡಬೈರಪ್ಪ ಒಂದೇ ಸಾಲಿನಲ್ಲಿ ಬರೆದರು: “ಮೊಮ್ಮಗಳ ರಕ್ತಪರೀಕ್ಷೆಯ ವರದಿ ಮನೆಗೆ ಬಾರದೆ ಇದ್ದುದರಿಂದ.” ಆ ವರದಿಯ ಒಂದು ಪ್ರತಿಯನ್ನು ಆಂಡಾಳ್ ಅವರ ವಿಳಾಸಕ್ಕೆ ಕಳುಹಿಸಬೇಕೆಂದು ಅಂದೇ ಲ್ಯಾಬಿಗೆ ಠಾಣೆಯ ಮೊಹರಿನ ಕಾಗದವೊಂದು ಹೋಯಿತು. ತನಿಖೆಗೆ ಅದರ ಅಗತ್ಯವಿರಲಿಲ್ಲ.